ಲೈಟ್ ಜಾಕೆಟ್ ಕೇಳಿದ ಕಥೆ

ಕೌನಸ್, ಲಿಥುವೇನಿಯಾ
ನವೆಂಬರ್ 3

ತೀರ್ಥರೂಪು ಅಪ್ಪನವರಿಗೆ ಮಗಳ ನಮಸ್ಕಾರಗಳು.

ನಾನಿಲ್ಲಿ ಕ್ಷೇಮ. ಸಂಜೆ ಐದಕ್ಕೇ ಕತ್ತಲಾಗುತ್ತಿದೆ. ಅಮ್ಮ ಕಳಿಸಿದ ಚಟ್ನಿಪುಡಿ ತಳ ಕಂಡಿತು, ಅವಳಿಗೆ ಹೇಳಿ.

ಹೋದ ವಾರ ಅಂಗಡಿಯಲ್ಲಿ ನಗೆಪಾಟಲಾದೆ. ಭಾರವಿಲ್ಲದ ಜಾಕೆಟ್ ಬೇಕಿತ್ತು. ಫೋನಿನಲ್ಲಿ 'ಲೈಟ್' ಎಂದು ಹುಡುಕಿ, ಮೊದಲು ಸಿಕ್ಕ 'ಶ್ವಿಯೆಸಿ' ಎಂಬ ಪದವನ್ನೇ ಒದರಿದೆ. ಆ ಹುಡುಗಿ ಹಾಲುಬಿಳುಪಿನ ಜಾಕೆಟ್ ತಂದುಕೊಟ್ಟಳು. ಎತ್ತಿದರೆ ಅಕ್ಕಿಮೂಟೆ!

ಭಾಷಾ ತರಗತಿಯ ಮೇಡಂ ಕೇಳಿ ನಕ್ಕುಬಿಟ್ಟರು. ಇಂಗ್ಲಿಷಿನ ಒಂದು 'ಲೈಟ್' ಇಲ್ಲಿ ಎರಡಾಗುತ್ತದೆ. ಹಗುರಕ್ಕೆ 'ಲೆಂಗ್ವಸ್', ಸುಲಭ ಅನ್ನುವುದಕ್ಕೂ ಅದೇ. ಬೆಳಕಿರುವ ಕೋಣೆಗೆ, ತಿಳಿಬಣ್ಣಕ್ಕೆ 'ಶ್ವಿಯೆಸುಸ್'; ನಾನು ಒದರಿದ 'ಶ್ವಿಯೆಸಿ' ಅದರದೇ ಸ್ತ್ರೀಲಿಂಗ ರೂಪ. ಜಾಕೆಟ್ ಇವರಿಗೆ ಸ್ತ್ರೀಲಿಂಗವಂತೆ, ಹಾಗಾಗಿ ನಾನು 'ಲೆಂಗ್ವ' ಅನ್ನಬೇಕಿತ್ತು. ವಿಶೇಷ್ಯದ ಲಿಂಗವನ್ನೇ ವಿಶೇಷಣವೂ ಹಿಡಿಯಬೇಕೆಂದು ಸಂಸ್ಕೃತ ಪಾಠದಲ್ಲಿ ನೀವು ನನ್ನ ಕಿವಿ ಹಿಂಡಿದ್ದು ನೆನಪಾಯಿತು. ಚಹಾ ಲೈಟಾಗಿರಲಿ ಅನ್ನಲು ಮಾತ್ರ ಇವೆರಡೂ ನಡೆಯವು. ಅದಕ್ಕೆ 'ಸಿಲ್ಪ್ನ', ಅಂದರೆ ಶಕ್ತಿಯಿಲ್ಲದ ಚಹಾ. ನಮ್ಮ ಅತ್ತೆ ಮಾಡುವಂಥದ್ದು.

ನಿಮಗೆ ಬರೆಯಲೇಬೇಕು ಅನ್ನಿಸಿದ್ದು ಇದು: ಲೆಂಗ್ವಸ್ ನಮ್ಮ 'ಲಘು'ವಿನ ಬಳಗ! ಶ್ವಿಯೆಸುಸ್ 'ಶ್ವೇತ'ದ ಬಳಗ. ನೀವು ಬೋರ್ಡಿನ ಮೇಲೆ ಪ್ರಸ್ತಾರ ಹಾಕಿ ಲಘು-ಗುರು ಎಣಿಸುತ್ತಿದ್ದಿರಲ್ಲ, ಅದೇ ಲಘು ಈ ಚಳಿ ಊರಿನಲ್ಲಿ ಸಿಕ್ಕಿತು. ಇಂಗ್ಲಿಷಿನಲ್ಲೂ ಮೂಲದಲ್ಲಿ ಇವು ಎರಡು ಬೇರೆ ಪದಗಳೇ ಅಂತೆ. ಹಗುರದ ಲೈಟ್ ಲಘುವಿನ ನೆಂಟ, ಬೆಳಕಿನ ಲೈಟ್ ಸಂಸ್ಕೃತದಲ್ಲಿ ಕಾಂತಿಯ ಅರ್ಥವಿರುವ 'ರುಚಿ', 'ರೋಚನ'ಗಳ ಕಡೆಯದು. ಸವೆದು ಸವೆದು ಎರಡೂ ಒಂದೇ ರೂಪಕ್ಕೆ ಬಂದು ನನ್ನನ್ನು ಕೆಡಿಸಿದವು.

ನಿನ್ನೆ 'ವೇಲಿನೆಸ್'. ನಮ್ಮ ಮಹಾಲಯ ಅಮಾವಾಸ್ಯೆಯಂತೆ ಹಿರಿಯರನ್ನು ನೆನೆಯುವ ದಿನ. ಮನೆಯೊಡತಿಯ ಜೊತೆ ಪೆತ್ರಾಶ್ಯೂನೈ ಸ್ಮಶಾನಕ್ಕೆ ಹೋಗಿದ್ದೆ. ಕಣ್ಣು ಹಾಯುವಷ್ಟು ದೂರ ಗೋರಿಗಳ ಮೇಲೆ ಮೇಣದ ದೀಪ. ತೀರಿಹೋದವರ ಬಗ್ಗೆ ಹೇಳುವಾಗ ಇವರು ಹೆಸರಿನ ಮುಂದೆ 'ಶ್ವಿಯೆಸೌಸ್ ಅತ್ಮಿನಿಮೊ' ಅನ್ನುತ್ತಾರೆ, ಬೆಳಕಿನ ನೆನಪಿನವರು ಎಂದು. ಹೂಳುವಾಗ 'ಮಣ್ಣು ಅವರಿಗೆ ಹಗುರವಾಗಿರಲಿ' ಎಂದು ಹಾರೈಸುತ್ತಾರೆ. ಅಲ್ಲಿ ಬರುವುದು ಲೆಂಗ್ವ. ನಾವು ಅಜ್ಜನನ್ನು ಸುಟ್ಟು ಬೂದಿಯನ್ನು ತುಂಗೆಗೆ ಬಿಟ್ಟವರು, ಮಣ್ಣಿನ ಮಾತು ನಮಗೆ ಹೊಂದದು. ಮೊದಲನೆಯದು ಹೊಂದೀತು ಅನ್ನಿಸಿ ಅಜ್ಜನ ಹೆಸರಿನಲ್ಲೂ ಒಂದು ದೀಪ ಹಚ್ಚಿ ಬಂದೆ. ತಪ್ಪಿಲ್ಲ ಅಲ್ಲವೇ?

ಅಂದಹಾಗೆ, ಆ ಬಿಳಿ ಜಾಕೆಟ್ಟನ್ನೇ ಕೊಂಡುಕೊಂಡೆ. ಭಾರವಿದ್ದರೂ ಬೆಚ್ಚಗಿದೆ. ಕೊಳೆಯಾಗುತ್ತದೆ ಎಂದು ಅಮ್ಮ ಬೈದಾಳು, ಬಣ್ಣದ ವಿಷಯ ಹೇಳಬೇಡಿ.

ನಿಮ್ಮ ಪ್ರೀತಿಯ ಮಗಳು