ಮುಳುಗುವವನು ಕೂಗುವುದಿಲ್ಲ

ಮಾನ್ಯ ಸಂಪಾದಕರೇ,

ಈಜಲು ಹೋದ ಹುಡುಗರು ನೀರುಪಾಲಾದ ವಾರ್ತೆಯನ್ನು ಪ್ರತಿ ಮಳೆಗಾಲದಲ್ಲೂ ಓದುತ್ತೇವೆ. ಜೊತೆಗಿದ್ದವರಿಗೆ ತಿಳಿಯುವಷ್ಟರಲ್ಲಿ ಹುಡುಗ ಕಾಣೆಯಾಗಿದ್ದ ಎಂಬ ಮಾತು ಆ ವಾರ್ತೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಪಕ್ಕದಲ್ಲೇ ಇದ್ದವರಿಗೆ ತಿಳಿಯದೆ ಹೋಗುವುದು ಹೇಗೆಂದು ಹಲವರು ಕೇಳುತ್ತಾರೆ. ಹಾಗಾಗುವುದಕ್ಕೆ ನಾನೇ ಸಾಕ್ಷಿಯಾದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

1974ರ ಎಪ್ರಿಲ್ ತಿಂಗಳು, ನನಗಾಗ 12 ವರ್ಷ. ದೊಡ್ಡಪ್ಪನ ಮಕ್ಕಳೊಂದಿಗೆ ಕೇರಳದ ಕಾಸರಗೋಡು ಜಿಲ್ಲೆಯ ಆದೂರಿನ ಸಮೀಪ ಪಯಸ್ವಿನಿ ಹೊಳೆಗೆ ಸ್ನಾನಕ್ಕೆ ಹೋಗಿದ್ದೆ. ಎರಡು ಒಣ ತೆಂಗಿನಕಾಯಿಗಳನ್ನು ಜೋಡಿಸಿ ಕಟ್ಟಿ, ಅವುಗಳ ಮೇಲೆ ಎದೆಯೂರಿ ಈಜು ಕಲಿಯುತ್ತಿದ್ದ ಕಾಲ ಅದು. ಕಾಯಿ ಬಿಟ್ಟು ಈಜತೊಡಗಿ ನನಗೆ ಒಂದು ವಾರವಾಗಿತ್ತಷ್ಟೆ. ಸೊಂಟದ ಮಟ್ಟದ ನೀರಿನಲ್ಲಿ ನಡೆಯುತ್ತಿದ್ದವನಿಗೆ ಮುಂದಿನ ಹೆಜ್ಜೆಯಲ್ಲಿ ನೆಲವೇ ಸಿಗಲಿಲ್ಲ. ಅದು ನಮ್ಮ ಕಡೆ ‘ಕಯ’ ಎಂದು ಕರೆಯುವ ಆಳದ ಮಡುವಾಗಿರಲಿಲ್ಲ. ಕಯ ಎಲ್ಲಿದೆಯೆಂದು ಊರಿನ ಮಕ್ಕಳಿಗೆಲ್ಲ ಗೊತ್ತಿತ್ತು. ಇದು ಯಾರೋ ಹೊಯ್ಗೆ (ಮರಳು) ತೆಗೆದು ಬಿಟ್ಟುಹೋದ ಹೊಂಡ.

ನಾನು ಕೂಗಲಿಲ್ಲ, ಕೂಗಲು ಆಗಲಿಲ್ಲ. ಬಾಯಿ ನೀರಿನ ಮೇಲೆ ಬರುವ ಅರೆಗಳಿಗೆಯಲ್ಲಿ ಉಸಿರು ಎಳೆದುಕೊಳ್ಳುವುದಕ್ಕೇ ಹೊತ್ತು ಸಾಲದು. ಅಷ್ಟರಲ್ಲಿ ಮತ್ತೆ ನೀರು ಮುಚ್ಚುತ್ತದೆ. ಕೈಬೀಸಿ ಕರೆಯೋಣವೆಂದರೆ ಎರಡೂ ಕೈಗಳು ನಮ್ಮ ಮಾತು ಕೇಳದೆ ನೀರನ್ನು ಕೆಳಕ್ಕೆ ಒತ್ತುತ್ತಲೇ ಇರುತ್ತವೆ. ಮೂರು ಮಾರು ದೂರದಲ್ಲಿದ್ದ ಅಣ್ಣ ನನ್ನನ್ನು ನೋಡಿ ನಕ್ಕಿದ್ದ. ‘ನೀನು ಆಡುತ್ತಿದ್ದೀಯೆಂದು ಭಾವಿಸಿದ್ದೆ’ ಎಂದು ಅವನು ಆಮೇಲೆ ಅತ್ತುಕೊಂಡು ಹೇಳಿದ. ದಡದ ಬಂಡೆಯ ಮೇಲೆ ಬಟ್ಟೆ ಒಗೆಯುತ್ತಿದ್ದವರಿಗೂ ಏನೂ ಕೇಳಿಸಿರಲಿಲ್ಲ. ತಲೆ ಹಿಂದಕ್ಕೆ ವಾಲಿ, ಬಾಯಿ ನೀರಿನ ಮಟ್ಟದಲ್ಲೇ ತೆರೆದುಕೊಂಡಿದ್ದುದನ್ನು ಗುರುತಿಸಿದವರು ತೋಟದಲ್ಲಿ ಕೆಲಸಕ್ಕಿದ್ದ ಒಬ್ಬ ಹಿರಿಯರು. ಅವರು ನೀರಿಗೆ ಹಾರಲಿಲ್ಲ. ಕೈಯಲ್ಲಿದ್ದ ದೋಟಿಯನ್ನು, ಅಂದರೆ ಕಾಯಿ ಕೊಯ್ಯುವ ಉದ್ದದ ಕೋಲನ್ನು ಚಾಚಿ, ನಾನು ಅದನ್ನು ಹಿಡಿದ ಮೇಲೆ ದಡಕ್ಕೆ ಎಳೆದುಕೊಂಡರು. ಹಾರಿದ್ದರೆ ಗಾಬರಿಯಲ್ಲಿ ನಾನು ಅವರ ಕುತ್ತಿಗೆಯನ್ನೇ ತಬ್ಬಿಕೊಳ್ಳುತ್ತಿದ್ದೆ. ಒಬ್ಬನನ್ನು ಉಳಿಸಲು ಹೋಗಿ ಇಬ್ಬರು ಮೂವರು ಒಟ್ಟಿಗೆ ಮುಳುಗುವುದು ಹೀಗೆಯೇ.

ದಡದಲ್ಲಿ ನಡೆದುದನ್ನೂ ಹೇಳಬೇಕು. ಕೂಡಿದವರು ನನ್ನ ಹೊಟ್ಟೆ ಒತ್ತಿದರು, ಕಾಲು ಹಿಡಿದು ತಲೆಕೆಳಗಾಗಿ ಎತ್ತಿದರು. ನನ್ನ ಉಸಿರು ನಿಂತಿರಲಿಲ್ಲವಾದ್ದರಿಂದ ಉಳಿದೆ. ಅವರ ಪ್ರೀತಿಯಲ್ಲಿ ಕೊರತೆಯಿರಲಿಲ್ಲ, ಆದರೆ ಆ ಕ್ರಮ ತಪ್ಪು. ಹೊಟ್ಟೆ ಒತ್ತಿದರೆ ಅದರೊಳಗಿರುವುದು ಮೇಲೆ ಬಂದು ಶ್ವಾಸನಾಳಕ್ಕೆ ಇಳಿಯಬಹುದು, ಅಮೂಲ್ಯವಾದ ನಿಮಿಷಗಳೂ ಕಳೆದುಹೋಗುತ್ತವೆ. ಮುಳುಗಿದವನಿಗೆ ಮೊದಲು ಬೇಕಾದುದು ಗಾಳಿ. ಉಸಿರಾಟ ನಿಂತಿದ್ದರೆ ತಡಮಾಡದೆ ಬಾಯಿಗೆ ಬಾಯಿಯಿಟ್ಟು ಉಸಿರು ಕೊಡಬೇಕು, ಎದೆಯ ನಡುವೆ ಒತ್ತಬೇಕು, ಇನ್ನೊಬ್ಬರು 112ಕ್ಕೆ ಕರೆ ಮಾಡಬೇಕು. ಚೇತರಿಸಿಕೊಂಡಂತೆ ಕಂಡವನನ್ನೂ ಆಸ್ಪತ್ರೆಗೆ ಕರೆದೊಯ್ಯಬೇಕು, ಏಕೆಂದರೆ ಕೆಲವು ಗಂಟೆಗಳ ಅನಂತರ ಉಸಿರಾಟದ ತೊಂದರೆ ಹೆಚ್ಚುವುದುಂಟು.

ಆ ದಿನದ ಬಳಿಕ ಮನೆಯಲ್ಲಿ ನನಗೆ ಹೊಳೆಯ ಕಡೆ ಹೋಗಬಾರದೆಂಬ ಕಟ್ಟಪ್ಪಣೆಯಾಯಿತು. ಇಂದಿಗೂ ಹೆಚ್ಚಿನ ಹೆತ್ತವರು ಮಾಡುತ್ತಿರುವುದು ಅಷ್ಟನ್ನೇ. ಮೂವತ್ತು ವರ್ಷ ಮಕ್ಕಳ ನಡುವೆ ಕಳೆದ ಅಧ್ಯಾಪಕನಾಗಿ ಹೇಳುತ್ತೇನೆ, ಹಿರಿಯರಿರುವ ಕಡವಿಗೆ (ಹೊಳೆಗೆ ಇಳಿಯುವ ಜಾಗಕ್ಕೆ) ಹೋಗಬೇಡವೆಂದರೆ ಹುಡುಗರು ಹಿರಿಯರಿಲ್ಲದ ಜಾಗವನ್ನು ಹುಡುಕುತ್ತಾರೆ. ನಮ್ಮಲ್ಲಿ ಆ ಜಾಗವೆಂದರೆ ಕೆಲಸ ನಿಲ್ಲಿಸಿದ ಕೆಂಪುಕಲ್ಲಿನ ಪಣೆ, ಅಂದರೆ ಕಲ್ಲಿನ ಕೋರೆ. ಯಂತ್ರದಿಂದ ಕಲ್ಲು ಕೊಯ್ದ ಪಣೆಯ ಬದಿಗಳು ಮನೆಯ ಗೋಡೆಯಂತೆ ನೇರ. ಮಳೆನೀರು ತುಂಬಿದ ಮೇಲೆ ಎಲ್ಲಿ ಮೆಟ್ಟಿಲಿದೆ, ಎಲ್ಲಿ ಆಳವಿದೆ ಎಂದು ತಿಳಿಯದು. ಪಾಚಿಗಟ್ಟಿದ ಕಲ್ಲಿನಲ್ಲಿ ಕೈಗೆ ಹಿಡಿತ ಸಿಗುವುದಿಲ್ಲವಾದ್ದರಿಂದ ಈಜು ಬಲ್ಲವನೂ ಮೇಲೆ ಹತ್ತಲಾರದೆ ಸೋತು ಮುಳುಗುತ್ತಾನೆ. ಹೊಳೆಯ ಸ್ವಭಾವವೂ ಮಕ್ಕಳಿಗೆ ತಿಳಿದಿರಬೇಕು. ಪಯಸ್ವಿನಿ ಹುಟ್ಟುವುದು ಕೊಡಗಿನ ಬೆಟ್ಟಗಳಲ್ಲಿ. ಇಲ್ಲಿ ಬಿಸಿಲು ಕಾಯುತ್ತಿದ್ದರೂ ಅಲ್ಲಿ ಸುರಿದ ಮಳೆಗೆ ಇಲ್ಲಿ ನೀರು ಏರಬಹುದು.

ಇದನ್ನೆಲ್ಲ ಹೇಳಬೇಕಾದ ಎಚ್ಚರಿಕೆಯ ಫಲಕಗಳು ಹಲವೆಡೆ ಇಲ್ಲ. ನಾನು ಕಂಡ ಕೆಲವು ಫಲಕಗಳು ಮಲಯಾಳದಲ್ಲಿ ಮಾತ್ರ ಇವೆ. ಕಾಸರಗೋಡು, ಮಂಜೇಶ್ವರ ತಾಲೂಕುಗಳ ಕನ್ನಡ ಮಾಧ್ಯಮದ ಮಗು ಅದನ್ನು ಓದುವುದು ಹೇಗೆ? 1969ರ ಕೇರಳ ಅಧಿಕೃತ ಭಾಷಾ ಕಾಯಿದೆಯು ಕನ್ನಡಿಗರಿಗೆ ಸರಕಾರದೊಂದಿಗೆ ತಮ್ಮ ಭಾಷೆಯಲ್ಲಿ ವ್ಯವಹರಿಸುವ ಹಕ್ಕನ್ನು ಕೊಟ್ಟಿದೆ. ಅರ್ಜಿಯನ್ನು ಕನ್ನಡದಲ್ಲಿ ಬರೆಯಬಹುದಾದ ನೆಲದಲ್ಲಿ ಪ್ರಾಣದ ಎಚ್ಚರಿಕೆಯೂ ಕನ್ನಡದಲ್ಲಿರಬೇಕೆಂದು ಕೇಳುವುದು ಭಾಷೆಯ ಜಗಳವಲ್ಲ. ಇದು ಮಕ್ಕಳ ಜೀವದ ಮಾತು.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಾದ್ಯಂತ ಸುಮಾರು 3 ಲಕ್ಷ ಮಂದಿ ನೀರಿನಲ್ಲಿ ಮುಳುಗಿ ಸತ್ತರು. ಅದೇ ವರ್ಷ ವಿಶ್ವಸಂಸ್ಥೆಯು ಜುಲೈ 25ನ್ನು ಮುಳುಗುವಿಕೆ ತಡೆಯುವ ದಿನವೆಂದು ಸಾರಿತು. ಆ ದಿನ ನಮ್ಮಲ್ಲಿ ಮಳೆ ಬಿರುಸಾಗಿರುವ ಕಾಲದಲ್ಲೇ ಬರುತ್ತದೆ. ಅಂದು ಶಾಲೆಗಳಲ್ಲಿ ಭಾಷಣದ ಬದಲು, ಉಸಿರು ಕೊಡುವ ಮತ್ತು ಎದೆ ಒತ್ತುವ ಕ್ರಮವನ್ನು ಬಲ್ಲವರಿಂದ ಕನ್ನಡದಲ್ಲಿ ಮಾಡಿ ತೋರಿಸಬೇಕೆಂದು ಶಿಕ್ಷಣ ಇಲಾಖೆಯನ್ನು ವಿನಂತಿಸುತ್ತೇನೆ. ಬೇಸಗೆಯಲ್ಲಿ ನೀರುಳ್ಳ ಕೆರೆಗಳಲ್ಲಿ ಹಿರಿಯರ ಕಾವಲಿನಲ್ಲಿ ಈಜು ಕಲಿಸಲು ಪಂಚಾಯತುಗಳು ಮುಂದಾಗಲಿ, ಬಿಟ್ಟುಹೋದ ಪಣೆಗಳಿಗೆ ಬೇಲಿ ಹಾಕಿಸಲಿ.

ಪ್ರತಿ ಕಡವಿನಲ್ಲೂ ಉದ್ದದ ಒಂದು ದೋಟಿ ಮತ್ತು ಮುಚ್ಚಳ ಬಿಗಿದ ಖಾಲಿ ಕ್ಯಾನು ಕಟ್ಟಿದ ಹಗ್ಗ ಸದಾ ಇರಬೇಕು. ನಮ್ಮ ವಾರ್ಡಿನ ಎರಡು ಕಡವುಗಳಿಗೆ ಇವುಗಳನ್ನು ನನ್ನ ಖರ್ಚಿನಲ್ಲಿ ಒದಗಿಸಲು ಸಿದ್ಧನಿದ್ದೇನೆ. ಅಲ್ಲಿ ಕಂಬ ನೆಟ್ಟು ಇಡಲು ಸಂಬಂಧಪಟ್ಟವರು ಅನುಮತಿ ಕೊಟ್ಟರೆ ಸಾಕು.

ಇತಿ,
ನಿವೃತ್ತ ಅಧ್ಯಾಪಕ, ಮುಳ್ಳೇರಿಯ