ಪುಟ್ಟನಿಗೆ: ಶೆಲ್‌ನಲ್ಲಿ ಎಕ್ಸ್‌ಎಂಎಲ್ ಕಡತ ಓದುವಾಗ

ಚಿರಂಜೀವಿ ಪುಟ್ಟನಿಗೆ ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ಎಕ್ಸ್‌ಎಂಎಲ್ ಕಡತದಿಂದ (ಟ್ಯಾಗ್‌ಗಳ ನಡುವೆ ಮಾಹಿತಿ ಇಡುವ ಪಠ್ಯ ಕಡತ) ಮೌಲ್ಯ ತೆಗೆಯಲು ನೀನು ಬರೆದು ಕಳಿಸಿದ ಶೆಲ್ (ಆಜ್ಞೆಗಳನ್ನು ಟೈಪ್ ಮಾಡಿ ಓಡಿಸುವ ವ್ಯವಸ್ಥೆ) ಸ್ಕ್ರಿಪ್ಟನ್ನು ಎರಡು ಸಲ ಓದಿದೆ. ಗ್ರೆಪ್‌ನಿಂದ ಸಾಲು ಹಿಡಿದು, ಸೆಡ್‌ನಿಂದ ಟ್ಯಾಗ್ ಸುಲಿದು, ಮೌಲ್ಯಗಳನ್ನು ಎತ್ತಿಕೊಂಡಿದ್ದೀಯ. ಇವತ್ತಿನ ಕಡತಕ್ಕೆ ಅದು ಸರಿಯಾದ ಉತ್ತರವನ್ನೇ ಕೊಡುತ್ತದೆ. ನನಗೆ ಚಿಂತೆ ನಾಳೆಯ ಕಡತದ್ದು. ಈ ಬಗೆಯ ಸ್ಕ್ರಿಪ್ಟ್ ಕೆಟ್ಟಾಗ ಕೂಗಿ ಹೇಳುವುದಿಲ್ಲ ಕಣೋ. ತಪ್ಪು ಮೌಲ್ಯವನ್ನೋ ಖಾಲಿ ಮೌಲ್ಯವನ್ನೋ ಸದ್ದಿಲ್ಲದೆ ಮುಂದಕ್ಕೆ ದಾಟಿಸಿಬಿಡುತ್ತದೆ. ಅದಕ್ಕೇ ಇಷ್ಟುದ್ದ ಬರೆಯಲು ಕೂತಿದ್ದೇನೆ.

ಗ್ರೆಪ್, ಸೆಡ್, ಆಕ್ ಮೂರೂ ಸಾಲು ಲೆಕ್ಕದಲ್ಲಿ ಕೆಲಸ ಮಾಡುವ ಉಪಕರಣಗಳು. 1998ರಲ್ಲಿ ಬಂದ ಎಕ್ಸ್‌ಎಂಎಲ್ 1.0 ನಿಯಮಾವಳಿಗೆ ಸಾಲಿನ ಹಂಗೇ ಇಲ್ಲ. ಇಡೀ ಕಡತ ಒಂದೇ ಸಾಲಿನಲ್ಲಿರಬಹುದು, ಒಂದು ಟ್ಯಾಗ್ ನಾಲ್ಕು ಸಾಲಿಗೆ ಹರಡಿರಬಹುದು. ಟ್ಯಾಗ್‌ನೊಳಗಿನ ಅಟ್ರಿಬ್ಯೂಟ್‌ಗಳು (ಸಂಖ್ಯೆ="17" ಎಂಬಂಥವು) ಹಿಂದುಮುಂದಾಗಬಹುದು, ಜೋಡಿ ಉದ್ಧರಣ ಚಿಹ್ನೆಯ ಬದಲು ಒಂಟಿ ಚಿಹ್ನೆ ಬರಬಹುದು. ಕಡತ ಬರೆಯುವವರು ಇದರಲ್ಲಿ ಯಾವುದನ್ನು ಬದಲಿಸಿದರೂ ತಪ್ಪು ಅವರದಾಗುವುದಿಲ್ಲ.

ಹತ್ತಿರದಿಂದ ನೋಡು. ಟ್ಯಾಗ್ ಹೆಸರು ಕನ್ನಡದಲ್ಲಿದ್ದರೂ ಎಕ್ಸ್‌ಎಂಎಲ್ ಒಪ್ಪುತ್ತದೆ, ಹಾಗಾಗಿ ಕನ್ನಡದಲ್ಲೇ ಬರೆಯುತ್ತೇನೆ:

<ಪಟ್ಟಿ>
<ಸರಕು ಸಂಖ್ಯೆ="17"><ಹೆಸರು>ನಟ್ &#38; ಬೋಲ್ಟ್</ಹೆಸರು><ತೂಕ>40</ತೂಕ></ಸರಕು>
<ಸರಕು ಸಂಖ್ಯೆ="18"><ಹೆಸರು>ಮೊಳೆ</ಹೆಸರು></ಸರಕು>
<!-- <ಸರಕು ಸಂಖ್ಯೆ="19"><ಹೆಸರು>ತಂತಿ</ಹೆಸರು><ತೂಕ>75</ತೂಕ></ಸರಕು> -->
<ಸರಕು ಸಂಖ್ಯೆ="20"><ಹೆಸರು>ತಿರುಪು</ಹೆಸರು><ತೂಕ>12</ತೂಕ></ಸರಕು>
</ಪಟ್ಟಿ>

ನಿನ್ನ ಸ್ಕ್ರಿಪ್ಟ್ ಹೆಸರುಗಳನ್ನೆಲ್ಲ ಒಂದು ಕಡತಕ್ಕೆ, ತೂಕಗಳನ್ನೆಲ್ಲ ಇನ್ನೊಂದಕ್ಕೆ ಹಾಕಿ, ಕೊನೆಗೆ ಪೇಸ್ಟ್‌ನಿಂದ ಜೋಡಿಸುತ್ತದೆ. ಇಲ್ಲಿ ಹೆಸರು ನಾಲ್ಕು ಸಿಗುತ್ತವೆ, ತೂಕ ಮೂರೇ. ಮೊಳೆಗೆ ತೂಕವೇ ಇಲ್ಲದ್ದರಿಂದ ತಂತಿಯ 75 ಮೊಳೆಯ ಪಕ್ಕ ಬಂದು ಕೂರುತ್ತದೆ, ತಿರುಪಿನ 12 ತಂತಿಗೆ ಹೋಗುತ್ತದೆ, ತಿರುಪಿಗೆ ಏನೂ ಉಳಿಯುವುದಿಲ್ಲ. ತಂತಿಯಾದರೋ ಟಿಪ್ಪಣಿಯೊಳಗೆ ಮುಚ್ಚಿಟ್ಟ ಸರಕು, ಅದು ಪಟ್ಟಿಯಲ್ಲಿ ಬರಲೇಬಾರದಿತ್ತು. ಮೊದಲ ಹೆಸರಿನಲ್ಲಿ ಆಂಪರ್‌ಸ್ಯಾಂಡ್ ಬದಲು &#38; ಎಂಬ ಸಂಕೇತ ಹಾಗೇ ಉಳಿದಿರುತ್ತದೆ. ಇದೇ ಕಡತ ಒಂದೇ ಸಾಲಿನಲ್ಲಿ ಬಂದರಂತೂ ಸೆಡ್‌ನ «.*» ಮೊದಲ ಹೆಸರಿನಿಂದ ಹಿಡಿದು ಕೊನೆಯ ಹೆಸರಿನ ತನಕ ಎಲ್ಲವನ್ನೂ ಬಾಚಿಕೊಳ್ಳುತ್ತದೆ. ಆ ಜಾಗದಲ್ಲಿ «[^<]*» ಹಾಕಿದರೆ ಬಾಚುವುದು ನಿಲ್ಲುತ್ತದೆ, ಉಳಿದ ಮೂರು ತಪ್ಪು ಹಾಗೇ ಇರುತ್ತವೆ.

ಆದ್ದರಿಂದ ಎಕ್ಸ್‌ಎಂಎಲ್ ಓದಲು ಬಲ್ಲ ಪಾರ್ಸರ್ ಕೈಗೇ ಕೆಲಸ ಕೊಡು. ಶೆಲ್‌ನಿಂದ ಕರೆಯಲು ಎರಡು ಸಾಕು: ಲಿಬ್‌ಎಕ್ಸ್‌ಎಂಎಲ್2 ಜೊತೆ ಬರುವ ಎಕ್ಸ್‌ಎಂಎಲ್‌ಲಿಂಟ್, ಮತ್ತು ಎಕ್ಸ್‌ಎಂಎಲ್‌ಸ್ಟಾರ್ಲೆಟ್. ಡೆಬಿಯನ್, ಉಬುಂಟುಗಳಲ್ಲಿ ಮೊದಲನೆಯದು ಲಿಬ್‌ಎಕ್ಸ್‌ಎಂಎಲ್2-ಯುಟಿಲ್ಸ್ ಎಂಬ ಪ್ಯಾಕೇಜಿನಲ್ಲಿದೆ.

ಯಾವ ಮೌಲ್ಯ ತೆಗೆಯುವುದಕ್ಕೂ ಮೊದಲು ಎಕ್ಸ್‌ಎಂಎಲ್‌ಲಿಂಟ್‌ಗೆ --ನೋಔಟ್ ಆಯ್ಕೆ (ಆಜ್ಞೆ, ಆಯ್ಕೆಗಳ ಹೆಸರನ್ನೆಲ್ಲ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡು) ಕೊಟ್ಟು ಕಡತವನ್ನು ಒಮ್ಮೆ ಓದಿಸು. ಅರ್ಧ ಇಳಿದು ನಿಂತ ಕಡತದ ಮೇಲೂ ಗ್ರೆಪ್ ಖುಷಿಯಾಗಿ ಓಡುತ್ತದೆ. ಎಕ್ಸ್‌ಎಂಎಲ್‌ಲಿಂಟ್ ಮುಚ್ಚದ ಟ್ಯಾಗ್ ಎಲ್ಲಿದೆ ಎಂದು ಸಾಲಿನ ಸಂಖ್ಯೆ ಸಮೇತ ಹೇಳಿ, ಸೊನ್ನೆಯಲ್ಲದ ಎಕ್ಸಿಟ್ ಕೋಡ್ (ಸೊನ್ನೆ ಎಂದರೆ ಸರಿ, ಬೇರೆ ಸಂಖ್ಯೆ ಎಂದರೆ ತಪ್ಪು) ಕೊಡುತ್ತದೆ. ಅಲ್ಲೇ ಸ್ಕ್ರಿಪ್ಟ್ ನಿಲ್ಲಿಸು.

ಒಂದೇ ಒಂದು ಮೌಲ್ಯ ಬೇಕಿದ್ದರೆ ಎಕ್ಸ್‌ಎಂಎಲ್‌ಲಿಂಟ್‌ನ --ಎಕ್ಸ್‌ಪಾತ್ ಆಯ್ಕೆಗೆ (ಎಕ್ಸ್‌ಪಾತ್ ಎಂದರೆ ಟ್ಯಾಗ್‌ಗಳ ಮರದಲ್ಲಿ ದಾರಿ ಹೇಳುವ ಭಾಷೆ) ಸ್ಟ್ರಿಂಗ್(/ಪಟ್ಟಿ/ಸರಕು[@ಸಂಖ್ಯೆ="17"]/ಹೆಸರು) ಎಂಬ ಅರ್ಥದ ದಾರಿ ಕೊಡು. ಇಡೀ ದಾರಿ ಶೆಲ್‌ನ ಒಂಟಿ ಉದ್ಧರಣದೊಳಗೆ ಇರಲಿ, ಒಳಗಿನ 17ಕ್ಕೆ ಜೋಡಿ ಚಿಹ್ನೆ. ಸ್ಟ್ರಿಂಗ್ ಹಾಕಿದರೆ ಸಂಕೇತ ಬಿಡಿಸಿಕೊಂಡು «ನಟ್ & ಬೋಲ್ಟ್» ಎಂದೇ ಬರುತ್ತದೆ. ಟೆಕ್ಸ್ಟ್() ಹಾಕಿದರೆ ಆಂಪರ್‌ಸ್ಯಾಂಡ್ ಮತ್ತೆ ಸಂಕೇತವಾಗಿಯೇ ಬರುತ್ತದೆ. ಹಳೆಯ ಆವೃತ್ತಿಗಳಲ್ಲಂತೂ ಹಲವು ಮೌಲ್ಯಗಳು ನಡುವೆ ಏನೂ ಇಲ್ಲದೆ ಅಂಟಿಕೊಂಡು ಬರುತ್ತವೆ: 40 ಮತ್ತು 12 ಸೇರಿ 4012!

ಆದರೆ ಸ್ಟ್ರಿಂಗ್‌ಗೂ ಎರಡು ಗುಣಗಳಿವೆ. ಹತ್ತು ಸಿಕ್ಕರೂ ಮೊದಲನೆಯದನ್ನು ಮಾತ್ರ ಕೊಡುತ್ತದೆ. ಒಂದೂ ಸಿಗದಿದ್ದರೆ ಖಾಲಿ ಸಾಲು ಕೊಟ್ಟು, ಎಕ್ಸಿಟ್ ಕೋಡ್ ಸೊನ್ನೆ ಎಂದು ಹೇಳಿಬಿಡುತ್ತದೆ. ಮೊಳೆಯ ತೂಕ ಕೇಳಿ ನೋಡು, ಗೊತ್ತಾಗುತ್ತದೆ. ಅದಕ್ಕೆ ಮೊದಲು ಅದೇ ದಾರಿಯನ್ನು ಕೌಂಟ್() ಒಳಗೆ ಹಾಕಿ ಕೇಳು. ಉತ್ತರ 1 ಬಂದರೆ ಮಾತ್ರ ಮುಂದೆ ಹೋಗು.

ದಾರಿಯನ್ನು ಸಾಧ್ಯವಾದಷ್ಟೂ ಬೇರಿನಿಂದಲೇ ಬರೆ. //ತೂಕ ಎಂದರೆ ಮರದ ಯಾವ ಮೂಲೆಯಲ್ಲಿದ್ದರೂ ಸರಿ ಎಂದರ್ಥ. ನಾಳೆ ಯಾರಾದರೂ ಪೆಟ್ಟಿಗೆಗೂ ಒಂದು ತೂಕ ಸೇರಿಸಿದರೆ ಅದೂ ಬರುತ್ತದೆ. ಇನ್ನೊಂದು ಸೂಕ್ಷ್ಮ: //ಸರಕು[1] ಎಂದರೆ ಪ್ರತಿಯೊಂದು ಪಟ್ಟಿಯ ಮೊದಲ ಸರಕು. ಇಡೀ ಕಡತದ ಮೊದಲನೆಯದು ಬೇಕಾದರೆ (//ಸರಕು)[1] ಎಂದು ಆವರಣ ಹಾಕಬೇಕು.

ದಾರಿ ಸರಿಯಿದೆ, ಕಣ್ಣಿಗೆ ಟ್ಯಾಗೂ ಕಾಣುತ್ತಿದೆ, ಆದರೂ ಕೌಂಟ್ ಸೊನ್ನೆ ಎನ್ನುತ್ತಿದೆಯೇ? ಬೇರಿನ ಟ್ಯಾಗ್‌ನಲ್ಲಿ ಎಕ್ಸ್‌ಎಂಎಲ್‌ಎನ್‌ಎಸ್ ಇದೆಯೇ ನೋಡು. ಅದಿದ್ದರೆ ಒಳಗಿನ ಹೆಸರುಗಳೆಲ್ಲ ಒಂದು ನೇಮ್‌ಸ್ಪೇಸ್‌ಗೆ (ಒಂದು ವಿಳಾಸದಿಂದ ಗುರುತಿಸುವ ಹೆಸರುಗಳ ಗುಂಪಿಗೆ) ಸೇರಿರುತ್ತವೆ. 1999ರ ಎಕ್ಸ್‌ಪಾತ್ 1.0ರಲ್ಲಿ ಮುನ್ನೊತ್ತು (ಹೆಸರಿನ ಮುಂದೆ ಅಂಟಿಸುವ ಪ್ರಿಫಿಕ್ಸ್) ಇಲ್ಲದ ಹೆಸರಿಗೆ «ಯಾವ ನೇಮ್‌ಸ್ಪೇಸ್‌ಗೂ ಸೇರದ್ದು» ಎಂದೇ ಅರ್ಥ, ಹಾಗಾಗಿ ಹೊಂದುವುದಿಲ್ಲ. ಎಕ್ಸ್‌ಎಂಎಲ್‌ಲಿಂಟ್‌ನಲ್ಲಾದರೆ //*[ಲೋಕಲ್-ನೇಮ್()="ಸರಕು"] ಎಂಬ ರೀತಿಯಲ್ಲಿ ಬರೆ. ಎಕ್ಸ್‌ಎಂಎಲ್‌ಸ್ಟಾರ್ಲೆಟ್‌ನಲ್ಲಿ ದೊಡ್ಡಕ್ಷರದ ಎನ್ ಆಯ್ಕೆಯಿಂದ ಒಂದು ಮುನ್ನೊತ್ತಿಗೆ ಆ ವಿಳಾಸ ಕಟ್ಟಬಹುದು, ಅದು ಇನ್ನೂ ಚೊಕ್ಕ. ಸೆಡ್ ಹಾಕಿ ಆ ಘೋಷಣೆಯನ್ನೇ ಅಳಿಸುವ ಅಡ್ಡದಾರಿ ಮಾತ್ರ ಬೇಡ ಮಗನೇ, ಮತ್ತೆ ಸಾಲಿನ ಲೆಕ್ಕಕ್ಕೇ ಬಂದು ಬೀಳುತ್ತೀಯ.

ಪಟ್ಟಿ ಪಟ್ಟಿಯಾಗಿ ಮೌಲ್ಯ ಬೇಕಾದಾಗ ಎಕ್ಸ್‌ಎಂಎಲ್‌ಸ್ಟಾರ್ಲೆಟ್ ಹಿಡಿ. ಲೂಪ್ ಒಳಗೆ ಪ್ರತಿ ಮೌಲ್ಯಕ್ಕೂ ಎಕ್ಸ್‌ಎಂಎಲ್‌ಲಿಂಟ್ ಕರೆದರೆ ಪ್ರತಿ ಸಲವೂ ಇಡೀ ಕಡತವನ್ನು ಮೊದಲಿಂದ ಓದುತ್ತದೆ: 500 ಸರಕಿಗೆ ಎರಡೆರಡು ಮೌಲ್ಯ ಎಂದರೆ 1000 ಸಲ. ಎಕ್ಸ್‌ಎಂಎಲ್‌ಸ್ಟಾರ್ಲೆಟ್‌ನಲ್ಲಿ ಸೆಲ್ ಎಂದು ಶುರುಮಾಡಿ, ದೊಡ್ಡಕ್ಷರದ ಟಿ, ಸಣ್ಣಕ್ಷರದ ಟಿ, ನಂತರ ಎಂ ಆಯ್ಕೆಗೆ /ಪಟ್ಟಿ/ಸರಕು, ವಿ ಆಯ್ಕೆಗೆ @ಸಂಖ್ಯೆ, ಒ ಆಯ್ಕೆಗೆ «|», ವಿ ಆಯ್ಕೆಗೆ ತೂಕ, ಮತ್ತೆ ಒ «|», ವಿ ಹೆಸರು, ಕೊನೆಗೆ ಸಾಲು ಮುರಿಯಲು ಎನ್. ದೊಡ್ಡಕ್ಷರದ ಟಿ ಮರೆತರೆ ಆಂಪರ್‌ಸ್ಯಾಂಡ್ ಸಂಕೇತವಾಗಿ ಬರುತ್ತದೆ. ಎಂ ಒಂದೊಂದೇ ಸರಕಿನ ಬಳಿ ನಿಂತು ಕೇಳುವುದರಿಂದ ಮೊಳೆಯ ಸಾಲು «18||ಮೊಳೆ» ಎಂದು ಬರುತ್ತದೆ. ಖಾಲಿ ಜಾಗ ಖಾಲಿಯಾಗಿಯೇ ಕಾಣುತ್ತದೆ, ಯಾರ ತೂಕವೂ ಯಾರಿಗೂ ಹೋಗುವುದಿಲ್ಲ.

ನಡುವೆ ಟ್ಯಾಬ್ ಹಾಕೋಣ ಎಂದು ನಿನಗೆ ಅನಿಸಬಹುದು. ಹಾಕಬೇಡ. ಬ್ಯಾಶ್ ಎಂಬ ಶೆಲ್‌ನಲ್ಲಿ ಸಾಲು ಓದುವ ರೀಡ್ ಆಜ್ಞೆ ಟ್ಯಾಬನ್ನು ಬಿಳಿಜಾಗವೆಂದು ಎಣಿಸಿ, ಪಕ್ಕಪಕ್ಕದ ಎರಡು ಟ್ಯಾಬ್‌ಗಳನ್ನು ಒಂದೇ ಮಾಡಿಬಿಡುತ್ತದೆ. ಆಗ ಮೊಳೆ ಎಂಬ ಪದವೇ ತೂಕದ ವೇರಿಯಬಲ್‌ಗೆ ಬೀಳುತ್ತದೆ. «|» ಗೆ ಆ ತೊಂದರೆಯಿಲ್ಲ. ಹೆಸರಿನೊಳಗೆ ಸಾಲು ಮುರಿದಿರುವ ಸಂಭವವಿದ್ದರೆ ವಿ ಆಯ್ಕೆಗೆ ನಾರ್ಮಲೈಜ್-ಸ್ಪೇಸ್(ಹೆಸರು) ಕೊಡು.

ರೀಡ್‌ಗೆ ಆರ್ ಆಯ್ಕೆ ತಪ್ಪಿಸಬೇಡ, ಇಲ್ಲದಿದ್ದರೆ ಹಿಂಗೆರೆ (ಬ್ಯಾಕ್‌ಸ್ಲ್ಯಾಶ್) ಚಿಹ್ನೆಗಳನ್ನು ನುಂಗುತ್ತದೆ. ಬ್ಯಾಶ್‌ನಲ್ಲಿ ಪೈಪ್‌ನ ಬಲಗಡೆ ವೈಲ್ ಲೂಪ್ ಇಟ್ಟರೆ ಅದು ಸಬ್‌ಶೆಲ್‌ನಲ್ಲಿ, ಅಂದರೆ ಪ್ರತ್ಯೇಕ ಪ್ರಕ್ರಿಯೆಯಲ್ಲಿ, ಓಡುತ್ತದೆ, ಒಳಗೆ ಕೂಡಿದ ಮೊತ್ತ ಹೊರಗೆ ಬಂದಾಗ ಸಿಗುವುದಿಲ್ಲ. ಫಲಿತಾಂಶವನ್ನು ತಾತ್ಕಾಲಿಕ ಕಡತಕ್ಕೆ ಬರೆದು, ಲೂಪ್‌ಗೆ ಅಲ್ಲಿಂದ ಓದಿಸು. ಫಂಕ್ಷನ್ ಒಳಗೆ ಲೋಕಲ್ ಘೋಷಣೆಯನ್ನೂ ಆಜ್ಞೆಯ ಉತ್ತರ ಹಿಡಿಯುವ $( ) ಕರೆಯನ್ನೂ ಒಂದೇ ಸಾಲಿನಲ್ಲಿ ಬರೆದರೆ ಪಾರ್ಸರ್ ಕೊಟ್ಟ ಎಕ್ಸಿಟ್ ಕೋಡ್ ಮುಚ್ಚಿಹೋಗುತ್ತದೆ. ಎರಡು ಸಾಲು ಮಾಡು.

ಹೊರಗಿನವರು ಕಳಿಸಿದ ಕಡತವಾದರೆ ಎಕ್ಸ್‌ಎಂಎಲ್‌ಲಿಂಟ್‌ಗೆ ಜಾಲದಿಂದ ಏನನ್ನೂ ತರದಂತೆ ತಡೆಯುವ --ನೋನೆಟ್ ಇರಲಿ, --ನೋಎಂಟ್ ಬೇಡ. ಎರಡನೆಯದು ಕಡತದೊಳಗಿನ ಎಂಟಿಟಿಗಳನ್ನು (ಬೇರೆ ಪಠ್ಯದ ಬದಲು ಬರೆದ ಸಂಕೇತಗಳನ್ನು) ಬಿಡಿಸಲು ಹೋಗಿ, ನಿನ್ನ ಗಣಕದ ಬೇರೆ ಕಡತವನ್ನೂ ಒಳಗೆ ಎಳೆದು ತರಬಲ್ಲದು. ಎರಡೂ ಉಪಕರಣಗಳು ಇಡೀ ಮರವನ್ನು ಮೆಮೊರಿಯಲ್ಲಿ ಕಟ್ಟುತ್ತವೆ, ಅದಕ್ಕೆ ಕಡತದ ಗಾತ್ರದ ಹಲವು ಪಟ್ಟು ಜಾಗ ಬೇಕು. ಗಿಗಾಬೈಟ್‌ಗಟ್ಟಲೆ ಕಡತ ಬಂದರೆ ಶೆಲ್ ಬಿಟ್ಟು, ಪೈಥಾನ್‌ನ ಐಟರ್‌ಪಾರ್ಸ್‌ನಂತೆ ತುಂಡುತುಂಡಾಗಿ ಓದುವ ಮಾರ್ಗ ಹಿಡಿ.

ಸ್ಕ್ರಿಪ್ಟ್ ತಿದ್ದಿದ ಮೇಲೆ ಐದು ಕಡತ ಮಾಡಿಕೊಂಡು ಓಡಿಸು: ಮೇಲಿನ ಪಟ್ಟಿ ಇದ್ದಂತೆಯೇ, ಅದೇ ಪಟ್ಟಿ ಒಂದೇ ಸಾಲಿನಲ್ಲಿ, ನೇಮ್‌ಸ್ಪೇಸ್ ಸೇರಿಸಿದ್ದು, ಕೊನೆಯ ಟ್ಯಾಗ್ ಕತ್ತರಿಸಿದ್ದು, ಪೂರ್ತಿ ಖಾಲಿಯಾದದ್ದು. ಮೊದಲ ಎರಡಕ್ಕೆ ಒಂದೇ ಉತ್ತರ ಬರಬೇಕು, ತಂತಿ ಎಲ್ಲೂ ಕಾಣಬಾರದು. ಕೊನೆಯ ಎರಡರಲ್ಲಿ ಸ್ಕ್ರಿಪ್ಟ್ ದೂರು ಹೇಳಿ ನಿಲ್ಲಬೇಕು. ಮೂರನೆಯದರಲ್ಲಿ ಏನು ಬಂತೆಂದು ನನಗೆ ಬರೆ.

ಇಂತಿ,
ನಿನ್ನ ದೊಡ್ಡಮ್ಮ