ಅಪ್ಪನಿಗೆ ಗೊತ್ತಾಯಿತು ಮಾರಾಯ

ಪ್ರೀತಿಯ ಗೆಳೆಯಾ,

ನೀನು ಬೆಂಗಳೂರಿಗೆ ಹೋದ ಮೇಲೆ ಫೋನಿನಲ್ಲಿ ಎಲ್ಲ ಹೇಳಿದ್ದೇನೆ, ಒಂದು ವಿಷಯ ಬಿಟ್ಟು. ಹೇಳಿದ್ದರೆ ಅಮ್ಮನ ಕಿವಿಗೆ ಬೀಳುತ್ತಿತ್ತು. ಈಗ ಅಪ್ಪನಿಗೇ ಗೊತ್ತಾಗಿದೆ. ಇನ್ನು ಮುಚ್ಚಿಡುವುದು ಎಂತ? ಅದಕ್ಕೇ ಎಲ್ಲರೂ ಓದುವ ಕಡೆಯೇ ಬರೆಯುತ್ತಿದ್ದೇನೆ.

ನಾನು ಸರ್ಫಿಂಗ್ ಕಲಿತೆ, ಹಲಗೆಯ ಮೇಲೆ ನಿಂತು ಅಲೆಯ ಜೊತೆ ಜಾರುವ ಆಟ. ಮಂಗಳೂರಿನ ಹತ್ತಿರದ ಸಸಿಹಿತ್ಲು ಬೀಚಿನಲ್ಲಿ, ಕಳೆದ ಅಕ್ಟೋಬರಿನಿಂದ.

ಬೋಟು ನಡೆಸುವ ತಾಂಡೇಲನ ಮಗ ಕಡಲಿಗೆ ಇಳಿದದ್ದು ಒಂದು ಸುದ್ದಿಯಾ ಅಂತ ನಗಬೇಡ. ನಮ್ಮ ಮನೆ ನಿನಗೆ ಗೊತ್ತಲ್ಲ. ಕಡಲು ಅಪ್ಪನ ಕಾಲಕ್ಕೇ ಮುಗಿಯಬೇಕು. ನಾನು ಕಂಪ್ಯೂಟರ್ ಸೈನ್ಸ್ ಓದಬೇಕು, ಒಣಗಿದ ಬಟ್ಟೆಯಲ್ಲಿ ಕೂತು ಸಂಬಳ ತರಬೇಕು. ಅಜ್ಜನ ದೋಣಿ ಅಳಿವೆ ಬಾಗಿಲಿನಲ್ಲಿ ಮಗುಚಿದ ಕಥೆಯನ್ನು ಅಮ್ಮ ಇವತ್ತಿಗೂ ಪೂರ್ತಿ ಹೇಳುವುದಿಲ್ಲ.

ಅಪ್ಪ ಟ್ರಾಲರ್ ಬೋಟಿನಲ್ಲಿ ಮೀನಿಗೆ ಹೋದರೆ ಹತ್ತು ದಿನ ಮನೆಗೆ ಬರುವುದಿಲ್ಲ. ಆಗ ಬರುವ ಭಾನುವಾರಗಳೇ ನನ್ನ ಕ್ಲಾಸು. ಸಿಇಟಿ ಕೋಚಿಂಗ್ ಒಂಬತ್ತೂವರೆಗೆ. ಆರಕ್ಕೆ ಸೈಕಲ್ ಹೊರಡಿಸಿದರೆ ಎರಡು ಗಂಟೆ ಸಿಗುತ್ತಿತ್ತು. ಅಲೆಗೂ ಅದೇ ಹೊತ್ತು ಒಳ್ಳೆಯದು. ಬೆಳಿಗ್ಗೆ ಗಾಳಿ ನೆಲದ ಕಡೆಯಿಂದ ಬೀಸುತ್ತದೆ, ಅಲೆ ನಯವಾಗಿ ಏಳುತ್ತದೆ. ಕಡಲ ಕಡೆಯಿಂದ ಪಡುಗಾಳಿ ಏರಿತೋ, ಎಲ್ಲ ಕಲಸುಮೇಲೋಗರ. ಫೀಸಿಗೆ ದುಡ್ಡಿರಲಿಲ್ಲ. ಟೂರಿಸ್ಟರ ಬೋರ್ಡ್ ಹೊತ್ತು, ತೊಳೆದು ಇಟ್ಟು ಕಲಿತೆ.

ಮೊದಲಿಗೆ ಎಂಟಡಿಯ ಮೆತ್ತನೆ ಬೋರ್ಡ್ ಕೊಡುತ್ತಾರೆ. ಮೂರು ವಾರ ಬರೀ ಬಿದ್ದೆ. ಅಲೆ ಹಿಂದಿನಿಂದ ಬೋರ್ಡನ್ನು ಎತ್ತುವ ಒಂದು ಗಳಿಗೆ ಉಂಟು. ಆಗ ಎದೆಯ ಪಕ್ಕ ಕೈ ಊರಿ ಒಂದೇ ಏಟಿಗೆ ಎದ್ದು ನಿಲ್ಲಬೇಕು. ಮೊಣಕಾಲು ಊರಿದರೆ ಮುಗೀತು. ಕಾಲು ನೋಡಿದರೂ ಬೀಳುತ್ತೀಯ, ದಡದ ತೆಂಗಿನಮರ ನೋಡಬೇಕು. ನಾನು ನಿಂತ ಮೊದಲ ಸಲ ನಾಲ್ಕು ಸೆಕೆಂಡ್ ಇರಬಹುದು. ಅವತ್ತು ಕೋಚಿಂಗಿನಲ್ಲಿ ಏನು ಪಾಠ ಆಯಿತೋ ದೇವರಿಗೇ ಗೊತ್ತು.

ಬೋರ್ಡಿಗೆ ಉಜ್ಜಿ ಉಜ್ಜಿ ಹೊಟ್ಟೆಯ ಮೇಲೆಲ್ಲ ಕೆಂಪು ಗುಳ್ಳೆ. ಅಮ್ಮ ನೋಡಿ, ಎಟ್ಟಿ (ಸಿಗಡಿ) ತಿಂದು ಮೈಗೆ ಆಗಲಿಲ್ಲ ಅಂದುಕೊಂಡರು. ಹದಿನೈದು ದಿನ ಎಟ್ಟಿ ಬಂದ್! ಎದುರಿಗೇ ಸುಕ್ಕ ಮಾಡಿ ತಂಗಿಗೆ ಬಡಿಸುತ್ತಿದ್ದರು. ಸುಳ್ಳಿಗೆ ಶಿಕ್ಷೆ ಅಂತ ಸುಮ್ನೆ ತಿಳಿಸಾರು ಉಂಡೆ.

ಮೇ ಕೊನೆಗೆ ಇಂಜಿನ್ ಕೆಟ್ಟು ಬೋಟು ಬೇಗ ಬಂತು. ಅಲೆ ಹಿಡಿದು ದಡಕ್ಕೆ ಬಂದರೆ ಅಪ್ಪ ನಿಂತಿದ್ದಾರೆ. ಬೈಗುಳಕ್ಕೆ ಕಾದೆ. ಅವರು ಕಡಲನ್ನೇ ನೋಡುತ್ತಿದ್ದರು. "ಅಗೋ, ಅಲೆ ಒಡೆಯದೆ ನೀರು ಸಪಾಟಾಗಿ ಕಾಣುತ್ತದಲ್ಲ, ಅಲ್ಲಿಗೆ ಹೋಗಬೇಡ. ಅದು ಹೊರಗೆ ಎಳೆಯುತ್ತದೆ. ಎಳೆದರೆ ದಡಕ್ಕೆ ನೇರ ಈಜಬೇಡ, ಅಡ್ಡಕ್ಕೆ ಹೋಗು." ಅಷ್ಟೇ ಹೇಳಿ ಹೋದರು.

ಬೈಗುಳ ರಾತ್ರಿ ಬಂತು. ಕಡಲು ದುಡಿಯುವ ಜಾಗ, ಆಡುವ ಜಾಗ ಅಲ್ಲ ಅಂದರು. 2016ರಲ್ಲಿ ಇಂಡಿಯನ್ ಓಪನ್ ಸರ್ಫಿಂಗ್ ಸ್ಪರ್ಧೆ ನಮ್ಮ ಸಸಿಹಿತ್ಲಿನಲ್ಲೇ ಆಗಿದೆ, 2021ರಲ್ಲಿ ಸರ್ಫಿಂಗ್ ಟೋಕಿಯೊ ಒಲಿಂಪಿಕ್ಸಿಗೂ ಸೇರಿತು ಅಂದೆ. "ನೀನು ಹೋಗ್ತೀಯಾ ಒಲಿಂಪಿಕ್ಸಿಗೆ?" ಇಲ್ಲ ಅಂದೆ. ಮತ್ತೆಂತ ಹೇಳುವುದು?

ಜೂನ್ 1ರಿಂದ ಮಳೆಗಾಲ ಅಂತ ಟ್ರಾಲಿಂಗಿಗೆ ರಜೆ ಅಲ್ವಾ, 61 ದಿನ ಅಪ್ಪ ಮನೆಯಲ್ಲೇ. ಒಂದು ಸಂಜೆ ಅವರು ಬಲೆ ಸರಿ ಮಾಡುತ್ತಿದ್ದಾಗ ಹೇಳಿಬಿಟ್ಟೆ. ಸಿಇಟಿ ಬರೆಯುತ್ತೇನೆ, ಆದರೆ ಭಾನುವಾರ ಕೋಚಿಂಗಿಗೆ ಹೋಗುವುದಿಲ್ಲ. ಮಳೆ ಮುಗಿದ ಮೇಲೆ ಸಸಿಹಿತ್ಲಿಗೆ ಹೋಗುತ್ತೇನೆ, ಹೇಳಿಯೇ ಹೋಗುತ್ತೇನೆ. ಸ್ವರ ನಡುಗಿತು. ಅಪ್ಪ ತಲೆ ಎತ್ತಲಿಲ್ಲ, ಗಂಟು ಹಾಕುತ್ತಲೇ ಇದ್ದರು.

ಕೋಚಿಂಗಿನ ಎರಡನೇ ಕಂತು ಮೊನ್ನೆ ಕಟ್ಟಬೇಕಿತ್ತು. ಕಟ್ಟಿಲ್ಲ. ಅದು ಅವರ ಉತ್ತರವಾ, ಅಥವಾ ರಜೆಯಲ್ಲಿ ಕೈಯಲ್ಲಿ ದುಡ್ಡಿಲ್ಲವಾ? ಕೇಳುವ ಧೈರ್ಯ ನನಗಿಲ್ಲ.

ದಸರಾ ರಜೆಗೆ ಬಾ. ಚಡ್ಡಿ ತಾ, ಬೋರ್ಡ್ ನಾನು ಕೇಳಿಡುತ್ತೇನೆ.

ನಿನ್ನ ಗೆಳೆಯ